ಗೋಧಿ ಬಿಟ್ಟ ಗಿರಣಿ

ಆಷಾಢದ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ತುಮಕೂರಿನ ಆಸ್ಪತ್ರೆಯೊಂದರ ಮೊದಲ ಮಹಡಿ. ಕೊಠಡಿಯಲ್ಲಿದ್ದವರು ಮೂವರು: ಹೊಟ್ಟೆಯ ಕಾಯಿಲೆಗಳ ವೈದ್ಯರು, ಗುಬ್ಬಿಯ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ಮತ್ತು ನಾನು. ಅದಕ್ಕೆ ಮೊದಲಿನ ಒಂದು ವರ್ಷ ನಾನು ಕಬ್ಬಿಣದ ಮಾತ್ರೆ ನುಂಗಿದ್ದೆ, ರಕ್ತ ಏರಿರಲಿಲ್ಲ. ತೂಕ ಇಳಿದಿತ್ತು, ಹೊಟ್ಟೆ ಹಿಡಿತದಲ್ಲಿರಲಿಲ್ಲ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕಾಗಿತ್ತು. ಹಿಂದಿನ ವಾರ ಗಂಟಲಿನಿಂದ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರ ವರದಿ ಮೇಜಿನ ಮೇಲಿತ್ತು.

“ಸೀಲಿಯಾಕ್ ಅಂತಾರಮ್ಮ ಇದಕ್ಕೆ,” ಎಂದರು ವೈದ್ಯರು. “ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಟು ಇರುತ್ತೆ. ಅದು ಹೊಟ್ಟೆಗೆ ಹೋದಾಗೆಲ್ಲ ನಿಮ್ಮ ಮೈಯೇ ನಿಮ್ಮ ಕರುಳಿನ ಮೇಲೆ ಬೀಳುತ್ತೆ. ಒಳಗಿನ ಎಳೆಗಳೆಲ್ಲ ಸವೆದು ಚಪ್ಪಟೆ ಆಗಿವೆ. ಅದಕ್ಕೇ ತಿಂದಿದ್ದು ಮೈಗೆ ಹತ್ತಲ್ಲ.”

“ಔಷಧಿ?” ಎಂದೆ.

“ಬಿಡೋದೇ ಔಷಧಿ. ಗೋಧಿ, ರವೆ, ಮೈದಾ, ಜವೆಗೋಧಿ. ಚೂರೂ ಇಲ್ಲ. ಜೀವನ ಪೂರ್ತಿ.”

“ರಾಗಿ?”

“ಧಾರಾಳವಾಗಿ ತಿನ್ನಿ. ಪಂಜಾಬಲ್ಲಿ ಹುಟ್ಟಿದ್ರೆ ಕಷ್ಟ ಇತ್ತು, ನೀವು ಮುದ್ದೆ ತಿನ್ನೋ ಸೀಮೆಯವರು.” ತಮ್ಮ ಮಾತಿಗೆ ತಾವೇ ನಕ್ಕು, ಚೀಟಿ ಬರೆಯುತ್ತಾ ಕೇಳಿದರು. “ಏನ್ ಕೆಲಸ ಮಾಡ್ಕೊಂಡಿದೀರಿ?”

“ಹಿಟ್ಟಿನ ಗಿರಣಿ ಇದೆ.”

ಅವರ ಪೆನ್ನು ನಿಂತಿತು. ಮಗಳು ಕಿಟಕಿಯ ಕಡೆ ತಿರುಗಿದಳು. ನನಗೆ ಆಗ ಏನೂ ಅನ್ನಿಸಲಿಲ್ಲ. ಅನ್ನಿಸಿತೆಂದು ಈಗ ಬರೆದರೆ ಸುಳ್ಳಾಗುತ್ತದೆ. ಕೆಳಗಿಳಿದು ಬಂದು ರಸ್ತೆಯ ಆಚೆ ಬದಿಯಲ್ಲಿ ಬಸ್ಸಿಗೆ ನಿಂತಾಗ, ಎದುರಿನ ಬೇಕರಿಯವನು ಬನ್ನುಗಳನ್ನು ತಟ್ಟೆಯಿಂದ ಗಾಜಿನ ಪೆಟ್ಟಿಗೆಗೆ ತುಂಬುತ್ತಿದ್ದ. ಅದನ್ನು ಪೂರ್ತಿ ನೋಡಿದೆ. ಬಸ್ಸು ಬಂತು, ಹತ್ತಿದೆವು.

ನಮ್ಮ ಗಿರಣಿ ತುಮಕೂರಿನ ಸದಾಶಿವನಗರದಲ್ಲಿ, ಮನೆಗೆ ಅಂಟಿಕೊಂಡಂತೆ ರಸ್ತೆಗೆ ಮುಖಮಾಡಿರುವ ಒಂದೇ ಕೋಣೆ. ಒಳಗೆ ಎರಡು ಯಂತ್ರ. ಮೂಲೆಯ ಸಣ್ಣದು ಮೆಣಸಿನಕಾಯಿ, ಧನಿಯಕ್ಕೆ. ನಡುವಿನ ದೊಡ್ಡದು ಕಲ್ಲಿನ ಯಂತ್ರ. ಗೋಧಿ, ರಾಗಿ, ಅಕ್ಕಿ ಎಲ್ಲವೂ ಅದರಲ್ಲೇ ಆಗಬೇಕು. ಅದನ್ನು ನಡೆಸುವವನು ಹೆಬ್ಬೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಆಪರೇಟರ್. ಗಿರಣಿ ಶುರುವಾದಾಗ ಮದುವೆಯಾಗದ ಹುಡುಗನಾಗಿ ಬಂದವನಿಗೆ ಈಗ ಮೀಸೆ ನರೆತಿದೆ. ನಾನು ಅದಕ್ಕೆ ಮೊದಲು ಗಡಿಯಾರದ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದ ಮೇಲ್ವಿಚಾರಕಿಯಾಗಿದ್ದೆ. ಅಲ್ಲಿ ಧೂಳೇ ಶತ್ರು. ಗಿರಣಿಯಲ್ಲಿ ಧೂಳೇ ಸರಕು. ಎರಡೂ ಕಡೆ ನನ್ನ ನಿಯಮ ಒಂದೇ: ಒಂದು ಕೆಲಸದ ಚೂರು ಇನ್ನೊಂದು ಕೆಲಸದೊಳಗೆ ಹೋಗಬಾರದು.

ವೈದ್ಯರು ಮೊದಲು ಹೇಳಿದ್ದು ಗಿರಣಿಯೊಳಗೆ ಕಾಲಿಡಬೇಡಿ ಎಂದು. ಹಿಟ್ಟಿನ ಧೂಳು ಮೂಗು, ಬಾಯಿಗೆ ಹೋಗಿ ಕೊನೆಗೆ ಹೊಟ್ಟೆ ಸೇರುತ್ತದೆ. ಮರುದಿನವೇ ನನ್ನ ಮೇಜು, ಕುರ್ಚಿ, ತಕ್ಕಡಿಯನ್ನು ಹೊರಗಿನ ಜಗುಲಿಗೆ ತಂದೆ. ಗಿರಾಕಿಗಳ ಡಬ್ಬ ತೂಗಿ ಚೀಟಿ ಅಂಟಿಸುವುದು ನಾನು, ಒಳಗೆ ಬೀಸುವುದು ಆಪರೇಟರ್. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಳಿತೆ.

ಅಡುಗೆಮನೆಯನ್ನು ಮಗಳೂ ನಾನೂ ಒಂದು ಭಾನುವಾರ ಹಿಡಿದೆವು. ಚಪಾತಿಯ ಮಣೆ, ಲಟ್ಟಣಿಗೆ, ಮರದ ಮೊಗಚೆಕಾಯಿ, ಜರಡಿ, ಹಳೆಯ ದೋಸೆ ಹೆಂಚು ಎಲ್ಲವೂ ಹೊರಗೆ ಹೋದವು. ಮರದ ಸಂದಿನಲ್ಲಿ, ಜರಡಿಯ ಹೆಣಿಗೆಯಲ್ಲಿ ಸೇರಿದ ಹಿಟ್ಟು ತೊಳೆದರೆ ಹೋಗುವುದಿಲ್ಲ. ಡಬ್ಬಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆವು. ಮಗಳು ತಾನೂ ಚಪಾತಿ ಬಿಟ್ಟಳು. ಬೇಡ ಎಂದೆ, ಕೇಳಲಿಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಇಡ್ಲಿ, ಮಧ್ಯಾಹ್ನ ಮುದ್ದೆ, ರಾತ್ರಿ ಅನ್ನ. ಗಂಟೆ ನೋಡಿ ತಿನ್ನುತ್ತಿದ್ದೆ. ಹಸಿವಾಗಿ ತಿಂದೆನೆಂದು ಹೇಳಲಾರೆ. ಗುಳಿಗೆ ನುಂಗಿದ ಹಾಗೆ ಒಂದೊಂದು ತುತ್ತನ್ನೂ ಇಳಿಸುತ್ತಿದ್ದೆ.

ಎದುರು ಸಾಲಿನಲ್ಲಿ ಬಳೆ ಅಂಗಡಿ ಇಟ್ಟಿರುವ ಹೆಂಗಸು ನಮ್ಮ ಹಳೆಯ ಗಿರಾಕಿ. ಪ್ರತಿ ಶುಕ್ರವಾರದ ನಮಾಜಿಗೆ ಮುಂಚೆ ಅವರ ಮನೆಯ ಗೋಧಿ ಬೀಸಿ ಆಗಬೇಕು. ಮೂಗಿಗೆ ಬಟ್ಟೆ ಕಟ್ಟಿ ಜಗುಲಿಯಲ್ಲಿ ಕುಳಿತ ನನ್ನನ್ನು ಮೊದಲ ಸಲ ನೋಡಿದಾಗ ಡಬ್ಬ ಕೆಳಗಿಡದೆಯೇ ನಿಂತರು.

“ಏನ್ ಅಕ್ಕಾ ಇದು? ಗೋಧಿ ಏನು ನಿಮ್ ಮಾವನಾ? ಎದ್ರಿಗೆ ಬಂದ್ರೆ ಮುಖ ಮುಚ್ಕೊಂಡು ಹೊರಗಡೆ ಕೂತ್ಕೋತೀರಾ?”

“ಮಾವ ಆಗಿದ್ರೆ ವಾಸಿ ಇತ್ತು. ಮಾವನ್ನ ವರ್ಷಕ್ಕೊಂದ್ ಸಲ ಊರಿಗೆ ಕಳಿಸ್ಬೋದು,” ಎಂದೆ.

ಅವರು ನಕ್ಕರು. ಡಬ್ಬವನ್ನು ನನ್ನ ಕೈಗೆ ಕೊಡದೆ ತಾವೇ ಒಳಗೆ ಒಯ್ದು ಆಪರೇಟರನಿಗೆ ಕೊಟ್ಟರು. ಅಂದಿನಿಂದ ಪ್ರತಿ ಸಲವೂ ಹಾಗೇ ಮಾಡಿದರು.

ದಸರೆ ಕಳೆದ ಮೇಲೆ ಕುಣಿಗಲ್‌ನಲ್ಲಿ ನಮ್ಮ ಸಂಬಂಧಿಕರ ಗೃಹಪ್ರವೇಶ. ಮಗಳು ಮೊದಲೇ ಅಡುಗೆಯವರಿಗೆ ಫೋನ್ ಮಾಡಿ ಹೇಳಿದ್ದಳು. ನಾನು ಅನ್ನ, ತಿಳಿಸಾರು, ಮೊಸರು ಇಷ್ಟೇ ಹಾಕಿಸಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಚಿಕ್ಕಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ.

“ಹೋಳ್ಗೆ ಬ್ಯಾಡ ಅಂದ್ರೆ ಏನೇ ಅರ್ಥ? ಕಣಕ ಬುಟ್ಟು ಹೂರ್ಣ ತಿನ್ನೇ!”

“ಕಣಕಕ್ಕೆ ಅಂಟ್ಕೊಂಡೇ ಬೆಂದಿರುತ್ತಲ್ಲ ಚಿಕ್ಕಮ್ಮ.”

“ಅಯ್ ಬುಡು. ನಮ್ ಕಾಲ್ದಾಗೆ ಇವೆಲ್ಲ ಎಲ್ಲಿದ್ವು? ಡಾಕ್ಟ್ರು ಏನೋ ಅಂದ, ಇವ್ಳು ಶಾಸನ ಮಾಡ್ಕೊಂಡ್ಲು. ಗಡಿಯಾರ್ದೋಳು ಗಡಿಯಾರ್ದೋಳೇ.”

ಪಂಕ್ತಿಯೇ ನಕ್ಕಿತು. ವಾಪಸು ಹೊರಡುವ ಮೊದಲು ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದೆವು. ದರ್ಶನಕ್ಕೆ ಬಂದಿದ್ದ ಯಾರದೋ ಮನೆಯವರು ಸೇವೆ ಮಾಡಿಸಿ ರವೆಯ ಸಿಹಿ ಹಂಚುತ್ತಿದ್ದರು. ಬಲಗೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿ, ಮಗಳ ಕೈಗೆ ಹಾಕಿದೆ. ಕೊಟ್ಟವರು ನೋಡಿದರು. ನಾನು ಕೈ ತೊಳೆಯಲು ನಲ್ಲಿಯ ಕಡೆ ಹೋದೆ.

ಮಾರನೆಯ ದಿನ ಹೊಟ್ಟೆ ಕೆಟ್ಟಿತು. ಮಗಳು ಅಡುಗೆಯವರಿಗೆ ಮತ್ತೆ ಫೋನ್ ಮಾಡಿ ಒಂದೊಂದನ್ನೇ ಕೇಳಿದಳು. ಸಾರಿಗೆ ಬೇಳೆ, ಟೊಮೆಟೊ, ಪುಡಿ, ಒಗ್ಗರಣೆಗೆ ಇಂಗು. “ಇಂಗು ಬುಟ್ರೆ ಇನ್ನೇನೂ ಇಲ್ಲ ಮೇಡಂ, ದೇವ್ರಾಣೆ,” ಎಂದರು ಅವರು. ಮಗಳು ನಮ್ಮ ಮನೆಯ ಇಂಗಿನ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಗೋಧಿ ಹಿಟ್ಟು ಬೆರೆಸಿದೆ ಎಂದು ಸಣ್ಣ ಅಕ್ಷರದಲ್ಲಿತ್ತು. ಆಷಾಢದಿಂದ ನಾನು ದಿನಾ ತಿಂದದ್ದು ಅದನ್ನೇ. ಡಬ್ಬಿಯನ್ನು ಬಿಸಾಡಿದೆವು. ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆ ಶುರುವಾಯಿತು. ಸೋರುವ ಜಾಗ ಸಿಕ್ಕಿತು, ಇನ್ನು ಸರಿಹೋಗುತ್ತದೆ ಎಂದುಕೊಂಡೆವು.

ಸರಿಹೋಗಲಿಲ್ಲ. ಸಂಕ್ರಾಂತಿಗೆ ಸ್ವಲ್ಪ ಮೊದಲು ರಕ್ತ ಪರೀಕ್ಷೆ ಮಾಡಿಸಿದರೆ, ಗೋಧಿಯ ವಿರುದ್ಧ ಮೈ ಹುಟ್ಟಿಸುವ ಅಂಶ ಇಳಿದೇ ಇರಲಿಲ್ಲ. ತೂಕ ಇನ್ನೂ ಕಡಿಮೆಯಾಗಿತ್ತು. ವೈದ್ಯರು ಈ ಸಲ ನಗಲಿಲ್ಲ.

“ಎರಡರಲ್ಲಿ ಒಂದಮ್ಮ. ಎಲ್ಲಿಂದಲೋ ಗೋಧಿ ಇನ್ನೂ ಹೊಟ್ಟೆಗೆ ಹೋಗ್ತಿದೆ. ಇಲ್ಲ ಅಂದ್ರೆ ನಿಮ್ಮ ಕರುಳು ಪಥ್ಯಕ್ಕೆ ಬಗ್ತಿಲ್ಲ. ಎರಡನೇದಾದ್ರೆ ಬೆಂಗಳೂರಿಗೆ ಕಳಿಸ್ಬೇಕು, ಸ್ಟೆರಾಯ್ಡ್ ಶುರು ಮಾಡ್ಬೇಕಾಗುತ್ತೆ. ಈ ವಯಸ್ಸಿಗೆ ಅದು ಸುಲಭ ಅಲ್ಲ. ಒಂದ್ ತಿಂಗಳು ಹುಡುಕಿ. ಸಿಗದಿದ್ರೆ ಬನ್ನಿ.”

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಮಗಳು ಹೇಳಿದಳು. “ಹುಡುಕೋದೇನಿದೆ ಅಮ್ಮ? ಮನೆ ಗೋಡೆಗೆ ಅಂಟ್ಕೊಂಡು ಗೋಧಿ ಮಿಲ್ ಇಟ್ಕೊಂಡು ಗೋಧಿ ಎಲ್ಲಿಂದ ಬರ್ತಿದೆ ಅಂತ ಹುಡುಕ್ಬೇಕಾ? ಮುಚ್ಚಿಬಿಡಣ.”

“ಅವ್ನು ಎಲ್ಲಿಗೆ ಹೋಗ್ತಾನೆ?”

“ಆಪರೇಟ್ರಿಗೆ ಬೇರೆ ಕೆಲಸ ಸಿಗುತ್ತೆ. ನಂಗೆ ಬೇರೆ ಅಮ್ಮ ಸಿಗಲ್ಲ.”

ಅವಳು ಅತ್ತಿದ್ದರೆ ಉತ್ತರ ಹೊಳೆಯುತ್ತಿತ್ತೋ ಏನೋ. ಅಳಲಿಲ್ಲ, ಬ್ಯಾಗು ತೆಗೆದು ಪರೀಕ್ಷೆಯ ಪತ್ರಿಕೆ ತಿದ್ದಲು ಕುಳಿತಳು. ನಾನು ತಿಂಗಳ ಗಡುವು ಕೇಳಿದೆ. ಅಷ್ಟರಲ್ಲಿ ಕಾರಣ ಸಿಗದಿದ್ದರೆ ಯಂತ್ರ ಮಾರುವುದು. ಅವಳು ತಲೆ ಎತ್ತದೆ ಹೂಂ ಎಂದಳು.

ನನ್ನ ರಾಗಿಯ ವಿಷಯ ಇಲ್ಲಿ ಹೇಳಬೇಕು. ಬೀಸಿದ ಹಿಟ್ಟನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಇಡೀ ರಾಗಿ ತಂದು, ಆರಿಸಿ, ತೊಳೆದು, ತಾರಸಿಯಲ್ಲಿ ಒಣಗಿಸಿ ಮಂಗಳವಾರ ಬೆಳಿಗ್ಗೆ ಗಿರಣಿಗೆ ಕೊಡುತ್ತಿದ್ದೆ. ಆ ದಿನ ಯಂತ್ರಕ್ಕೆ ಬೀಳುವ ಮೊದಲ ಧಾನ್ಯ ನನ್ನದೇ. ಹಿಂದಿನ ಸಂಜೆಯೇ ಯಂತ್ರದ ಬಾಯಿ, ಕವಚ, ಹಿಟ್ಟು ಇಳಿಯುವ ಕೊಳವೆಯನ್ನು ಬ್ರಷ್ಷಿನಿಂದ ತೆಗೆದು ಬಟ್ಟೆಯಿಂದ ಒರೆಸಬೇಕು. ಕೊಳವೆಯ ಬಾಯಿಗೆ ಕಟ್ಟುವ ಬಟ್ಟೆಯ ತೋಳು ನನ್ನ ರಾಗಿಗೇ ಬೇರೆ. ಮೊದಲು ಇಳಿಯುವ ಹಿಟ್ಟನ್ನು ದನದ ಮೇವಿನ ಚೀಲಕ್ಕೆ ಹಾಕಿ, ನಂತರದ್ದನ್ನು ನನ್ನ ಡಬ್ಬಕ್ಕೆ ತುಂಬಬೇಕು. ಇಷ್ಟನ್ನೂ ಆಪರೇಟರನಿಗೆ ಹೇಳಿದ್ದೆ. ಅವನು ಒಂದು ದಿನವೂ ತಪ್ಪಿಸುವವನಲ್ಲ.

ಕಾರ್ಖಾನೆಯಲ್ಲಿ ಒಂದು ಸಾಲಿನ ಗಡಿಯಾರಗಳು ಮತ್ತೆ ಮತ್ತೆ ನಿಂತರೆ ನಾವು ಯಾರನ್ನೂ ಪ್ರಶ್ನಿಸುತ್ತಿರಲಿಲ್ಲ. ಕೇಳಿದರೆ ಜನ ತಾವು ಮಾಡಬೇಕಾದದ್ದನ್ನು ಹೇಳುತ್ತಾರೆ, ಮಾಡುವುದನ್ನಲ್ಲ. ಬೆನ್ನ ಹಿಂದೆ ನಿಂತು, ಮಾತಾಡದೆ, ಮೊದಲಿನಿಂದ ಕೊನೆಯವರೆಗೆ ಕೈಗಳನ್ನಷ್ಟೇ ನೋಡಬೇಕು. ಮುಂದಿನ ಮಂಗಳವಾರ ಹಾಗೆಯೇ ಮಾಡಿದೆ. ಎರಡು ಮಡಿಕೆಯ ಬಟ್ಟೆ ಕಟ್ಟಿಕೊಂಡು, ತಿಂಗಳುಗಟ್ಟಲೆ ದಾಟದ ಹೊಸ್ತಿಲ ಮೇಲೆ ನಿಂತೆ.

ಆಪರೇಟರ್ ಕೈ ತೊಳೆದು ಬಂದ. ನನ್ನ ಬಟ್ಟೆಯ ತೋಳನ್ನು ಮೊಳೆಯಿಂದ ತೆಗೆದು ಕೊಡವಿ ಕಟ್ಟಿದ. ಬೆಲ್ಟಿನ ಬಿಗಿ ನೋಡಿದ. ಕಲ್ಲುಗಳ ನಡುವಿನ ಅಂತರದ ತಿರುಪನ್ನು ರಾಗಿಗೆ ಬೇಕಾದಷ್ಟು ತಿರುಗಿಸಿದ. ಎಲ್ಲವೂ ಸರಿಯಿತ್ತು. ಆಮೇಲೆ ಗೋಡೆಯ ಗೂಡಿನಿಂದ ತಗಡಿನ ಡಬ್ಬ ಇಳಿಸಿ, ಮುಚ್ಚಳ ತೆಗೆದು, ಒಂದು ಹಿಡಿ ಗೋಧಿಯನ್ನು ಯಂತ್ರದ ಬಾಯಿಗೆ ಸುರಿದ. ನಿಂತು ಯೋಚಿಸಿ ಇನ್ನೊಂದು ಹಿಡಿ ಸುರಿದ. ಸ್ವಿಚ್ ಒತ್ತಿದ.

ಯಾವ ಗಿರಣಿಯವರನ್ನು ಕೇಳಿದರೂ ಇದನ್ನು ಹೇಳುತ್ತಾರೆ: ಕಲ್ಲು ಶುಚಿಯಾಗಬೇಕಾದರೆ ಗೋಧಿ ಹಾಯಿಸಬೇಕು. ಗೋಧಿಯ ತೌಡು ಒರಟು, ಕಲ್ಲಿನ ಗೀರುಗಳಲ್ಲಿ ಕೂತ ಹಳೆಯ ಹಿಟ್ಟನ್ನು ಉಜ್ಜಿ ತರುತ್ತದೆ. ರಾಗಿ ಬೀಸಿದ ಮೇಲೆ ಅಕ್ಕಿ ಹಾಕಿದರೆ ಹಿಟ್ಟು ಕಪ್ಪಾಗುತ್ತದೆಂದು ಕೆಲವರು ಧಾನ್ಯ ಬದಲಾದಾಗ ಮಾತ್ರ ಹಾಯಿಸುತ್ತಾರೆ, ಕೆಲವರು ಅದನ್ನೂ ಮಾಡುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲೂ ಧಾನ್ಯ ಬದಲಾದಾಗಲೂ ತಪ್ಪದೆ ಒಂದು ಹಿಡಿ. ಆ ನಿಯಮ ನನ್ನದು. ಆ ಡಬ್ಬದಲ್ಲಿರುವುದು ನಮಗೆ ಧಾನ್ಯವೇ ಅಲ್ಲ. ಪೊರಕೆ, ಬ್ರಷ್ಷುಗಳ ಹಾಗೆ ಅದೂ ಒಂದು ಸಾಮಾನು. ವೈದ್ಯರು ಗೋಧಿಯ ಹೆಸರುಗಳನ್ನೆಲ್ಲ ಹೇಳಿದಾಗ, ಮಗಳು ಮನೆಯ ಡಬ್ಬಗಳನ್ನೆಲ್ಲ ಓದಿದಾಗ, ನನ್ನ ಲೆಕ್ಕಕ್ಕೆ ಅದು ಬರಲೇ ಇಲ್ಲ.

ನಡುವೆ ಮಾತಾಡಬಾರದೆಂಬ ನಿಯಮಕ್ಕಾಗಿ ರಾಗಿ ಪೂರ್ತಿ ಬೀಸುವವರೆಗೆ ನಿಂತೆ. ಯಂತ್ರ ನಿಂತ ಮೇಲೆ ಕೇಳಿದೆ.

“ಎರಡ್ ಹಿಡಿ ಯಾಕೆ ಹಾಕ್ದೆ?”

ಅವನು ಮೆಚ್ಚುಗೆಗೆ ಕಾಯುವವನಂತೆ ತಿರುಗಿದ. “ನಿಮ್ದು ಅಂತ ಅಮ್ಮಾವ್ರೆ. ಬ್ಯಾರೆಯೋರ್ಗೆ ಒಂದೇ. ನಿಮ್ಗೆ ಉಷಾರಿಲ್ವಲ್ಲ, ಕಲ್ಲು ಚೆಂದಾಗ್ ತೊಳ್ದಂಗೆ ಆಗ್ಲಿ ಅಂತ ಎಲ್ಡ್ ಹಾಕ್ತೀನಿ.”

“ಯಾವಾಗಿಂದ?”

“ಸುರುವಿಂದ್ಲೂ.”

“ಅದು ಗೋಧಿ ಕಣೋ.”

“ಊಂ, ಗೋದಿ...” ಎಂದವನು ಅಲ್ಲಿಗೇ ನಿಂತ. ಡಬ್ಬದ ಮುಚ್ಚಳ ಅವನ ಕೈಯಲ್ಲೇ ಇತ್ತು. ಅದನ್ನು ಮುಚ್ಚಲು ಎರಡು ಸಲ ನೋಡಿದ, ಕೂರಲಿಲ್ಲ. ಹಾಗೇ ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ. ಹೊರಗೆ ಯಾರೋ ಬಂದು ಅಕ್ಕಿಯ ಡಬ್ಬ ಇಟ್ಟರು. ನಾನು ಹೋಗಿ ತೂಗಿ ಚೀಟಿ ಅಂಟಿಸಿದೆ. ಅವನು ಎದ್ದು ಆ ದಿನದ ಕೆಲಸವನ್ನೆಲ್ಲ ಮುಗಿಸಿದ. ಸಂಜೆ ಬೀಗದಕೈಯನ್ನು ನನ್ನ ಮೇಜಿನ ಮೇಲಿಟ್ಟು ಬಸ್ಸಿಗೆ ಹೋದ.

ಬುಧವಾರ ಬರಲಿಲ್ಲ. ಗುರುವಾರವೂ ಇಲ್ಲ. ಫೋನ್ ತೆಗೆಯಲಿಲ್ಲ. ಶುಕ್ರವಾರ ಬಳೆ ಅಂಗಡಿಯವರು ಗೋಧಿ ತಂದು ಮುಚ್ಚಿದ ಬಾಗಿಲು ನೋಡಿ ಹೋದರು. ಕಾರಣ ಸಿಕ್ಕಿತೆಂದು ಮಗಳಿಗೆ ಹೇಳಿದ್ದೆ. ಅವಳು ನನ್ನಷ್ಟು ನಿಧಾನಸ್ಥೆಯಲ್ಲ.

“ಸರಿ, ಸಿಕ್ತಲ್ಲ. ಅವ್ನೇ ಬಿಟ್ ಹೋಗಿದಾನೆ. ಇನ್ನೂ ಯಾಕೆ ಬೇಕಮ್ಮ ಮಿಲ್ಲು?”

“ಅವ್ನು ನನಗೆ ವಿಷ ಹಾಕ್ದೆ ಅಂದ್ಕೊಂಡು ಕೂತಿದಾನೆ. ಹಾಗೇ ಬಿಟ್ಟು ಮುಚ್ಚಿದ್ರೆ ಸಾಯೋವರ್ಗೂ ಅದನ್ನೇ ಅಂದ್ಕೊಂಡಿರ್ತಾನೆ.”

ಮಗಳು ಕಾಲೇಜಿಗೆ ಹೊತ್ತಾಯಿತೆಂದು ಗುಬ್ಬಿ ಬಸ್ಸಿಗೆ ಹೊರಟಳು. ನಾನು ಹೆಬ್ಬೂರು ಬಸ್ಸು ಹತ್ತಿದೆ.

ಅವನ ಮನೆಯ ಅಂಗಳದಲ್ಲಿ ಹೆಂಡತಿ ಹಸುವಿನ ಮುಂದೆ ಮೇವು ಹಾಕುತ್ತಿದ್ದಳು. ನನ್ನನ್ನು ಕಂಡವಳೇ ಚಾಪೆ ಹಾಸಿ, ಕಾಫಿಯ ಜೊತೆ ಒಂದು ತಟ್ಟೆ ಕೋಡುಬಳೆ ತಂದಿಟ್ಟಳು. ಮೈದಾ ಬೆರೆಸಿರಬಹುದು. ಕಾಫಿಯನ್ನಷ್ಟೇ ತೆಗೆದುಕೊಂಡೆ. ಅವಳ ಮುಖ ಸಣ್ಣದಾಯಿತು.

“ನೀವು ತಿನ್ನಲ್ಲ ಅಂತ ಗೊತ್ತು ಕಣವ್ವ. ಆದ್ರೂ ಮನ್ಗೆ ಬಂದೋರ್ಗೆ ಬರೀ ಕಾಪಿ ಕೊಟ್ರೆ ಕೈ ಬರಾಕಿಲ್ಲ,” ಎಂದಳು. ಆಮೇಲೆ ದನಿ ತಗ್ಗಿಸಿ, “ಮೂರ್ ದಿನ್ದಿಂದ ಹಿಟ್ಟು ಉಂಡಿಲ್ಲ. ಬರೀ ಮಜ್ಗೆ ಕುಡ್ಕಂಡ್ ಕುಂತವ್ನೆ,” ಎಂದು ಕೊಟ್ಟಿಗೆಯ ಕಡೆ ಕೈ ತೋರಿಸಿದಳು.

ಕೊಟ್ಟಿಗೆಯಲ್ಲಿ ಅವನು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಎದ್ದ, ಮುಖ ನೋಡಲಿಲ್ಲ.

“ನಾನ್ ಬರಾಕಿಲ್ಲ ಬುಡಿ ಅಮ್ಮಾವ್ರೆ. ಈ ಕೈಲೇ ಹಾಕಿದ್ದು.”

“ನಿಯಮ ಯಾರು ಮಾಡಿದ್ದು?”

“ನೀವು.”

“ನಿಯಮದ ಪ್ರಕಾರ ಮಾಡ್ದೋನು ತಪ್ಪಿತಸ್ಥ ಅಲ್ಲ. ನಿಯಮ ತಪ್ಪಾಗಿತ್ತು, ಬದಲಾಯಿಸ್ತೀವಿ. ಅಂಗಿ ಹಾಕ್ಕೊ, ಬಸ್ಸಿಗೆ ಹೊತ್ತಾಯ್ತು.”

“ಬದ್ಲಾಯ್ಸಿ ಏನ್ ಮಾಡೋದು? ಅದೇ ಕಲ್ಲು, ಅದೇ ಮಿಷಿನ್ನು. ಗೋದಿ ಹಾಯ್ಸದಿದ್ರೂ ಕಲ್ಲೊಳಗೆ ಕೂತಿರ್ತದೆ. ಅಷ್ಟು ನಂಗೂ ಗೊತ್ತಾಯ್ತದೆ.”

ಅವನು ಹೇಳಿದ್ದು ಸರಿ. ಹಾಯಿಸುವುದನ್ನು ನಿಲ್ಲಿಸಿದರೆ ಸಾಲದು. ಇನ್ನೊಂದು ಕಲ್ಲಿನ ಯಂತ್ರ ಇಡಲು ಜಾಗವಿಲ್ಲ. ಇಟ್ಟರೂ ಒಂದೇ ಕೋಣೆಯ ಗಾಳಿ, ಧೂಳು ಗೆರೆ ಹಾಕಿದ ಕಡೆ ನಿಲ್ಲುವುದಿಲ್ಲ. ನನಗೊಬ್ಬಳಿಗೆ ಬೇರೆ ಕಡೆ ಬೀಸಿಸಿಕೊಂಡರೆ ಆ ಗಿರಣಿಯ ಕಲ್ಲನ್ನು ಯಾರು ನೋಡಿದ್ದಾರೆ? ಕೊಟ್ಟಿಗೆಯ ಕಂಬ ಹಿಡಿದು ಇಷ್ಟನ್ನು ಒಂದೊಂದಾಗಿ ತಳ್ಳಿಹಾಕಿದೆ. ಉಳಿದದ್ದು ಒಂದೇ ದಾರಿ.

“ಗೋಧಿ ನಿಲ್ಲಿಸ್ತೀವಿ,” ಎಂದೆ. “ನಮ್ಮ ಗಿರಣಿಗೆ ಇನ್ಮೇಲೆ ಗೋಧಿ ಬರಲ್ಲ. ಕಲ್ಲು ಬಿಚ್ಚಿ ಹೊಸದಾಗಿ ಕುಟ್ಟಿಸೋದು. ರಾಗಿ, ಅಕ್ಕಿ, ಜೋಳ ಅಷ್ಟೇ.”

ಅವನು ಈಗ ಮುಖ ನೋಡಿದ. “ಅರ್ಧ ಗಿರಾಕಿ ಹೋಯ್ತಾರೆ.”

“ಹೋಗ್ಲಿ.”

“ಬಳೆ ಅಂಗ್ಡಿಯೋರು?”

“ಅವ್ರಿಗೆ ನಾನೇ ಹೇಳ್ತೀನಿ. ಅಂಗಿ.”

ಅವನ ಹೆಂಡತಿ ಕೋಡುಬಳೆಯನ್ನು ಕಾಗದದಲ್ಲಿ ಕಟ್ಟಿ ಮಗಳಿಗೆಂದು ಕೊಟ್ಟಿದ್ದಳು. ಬಸ್ಸಿನಲ್ಲಿ ಅದನ್ನು ಅವನ ತೊಡೆಯ ಮೇಲೆ ಇಡಿಸಿದೆ.

ಅಂದು ಸಂಜೆ ಮಗಳಿಗೆ ತೀರ್ಮಾನ ತಿಳಿಸಿದೆ. ಅವಳು, “ಮುಂದಿನ ಟೆಸ್ಟಲ್ಲಿ ಇಳೀದಿದ್ರೆ ಮುಚ್ಚೋದು. ಆಗ ವಾದ ಮಾಡ್ಬಾರ್ದು,” ಎಂದಳು. ಒಪ್ಪಿದೆ. ಎದುರು ಸಾಲಿಗೆ ಹೋಗಿ ಬಳೆ ಅಂಗಡಿಯವರಿಗೂ ಹೇಳಿದೆ. ಅವರು ಗಿರಾಕಿಯೊಬ್ಬಳ ಕೈಗೆ ಬಳೆ ತೊಡಿಸುತ್ತಿದ್ದರು, ಕೈ ಬಿಡದೆ ಕೇಳಿಸಿಕೊಂಡರು.

“ಇಷ್ಟ್ ವರ್ಷ ಆದ್ಮೇಲೆ ನಮ್ನ ಬೀದಿಗೆ ಹಾಕ್ತೀರಾ ಅಕ್ಕಾ. ಮೇನ್ ರೋಡ್ ಮಿಲ್ಲವನು ಕಲ್ಲೂ ಸೇರ್ಸಿ ಬೀಸ್ತಾನೆ, ಹಲ್ಲು ಉದುರಿದ್ರೆ ನೀವೇ ಕಟ್ಟಿಸ್ಕೊಡಿ.” ಆಮೇಲೆ ಬಳೆಯನ್ನು ಮಣಿಕಟ್ಟು ದಾಟಿಸಿ, ನನ್ನ ಕಡೆ ತಿರುಗಿ, “ಅಕ್ಕಿ ಬೀಸ್ತೀರಿ ತಾನೆ? ಸರಿ ಹೋಗಿ. ನಮ್ ಮನೆಯವ್ರು ಅಕ್ಕಿರೊಟ್ಟಿ ತಿನ್ನೋದು ಕಲೀಲಿ,” ಎಂದರು.

ಫಲಿತಾಂಶವನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವುದು ಬೇಡ. ಮುಂದಿನ ಪರೀಕ್ಷೆಯಲ್ಲಿ ಆ ಅಂಶ ಇಳಿಯಿತು. ಅದರ ನಂತರದ್ದರಲ್ಲಿ ಇನ್ನೂ ಇಳಿಯಿತು. ಸ್ಟೆರಾಯ್ಡ್ ಬೇಕಾಗಲಿಲ್ಲ. ಗಿರಾಕಿಗಳು ಆಪರೇಟರ್ ಹೇಳಿದಂತೆ ಅರ್ಧ ಹೋದರು, ಹೋದವರಲ್ಲಿ ಕೆಲವರು ರಾಗಿಗೆ ತಿರುಗಿ ಬಂದರು. ಆದರೆ ಕಲ್ಲು ಬಿಚ್ಚಿದ ದಿನ ಇದಾವುದೂ ನಮಗೆ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಕುಣಿಗಲ್ ಕಡೆಯಿಂದ ಕಲ್ಲು ಕುಟ್ಟುವ ಮೇಸ್ತ್ರಿ ಬಂದ. ಅದಕ್ಕೆ ಮೊದಲೇ ನಾನೂ ಆಪರೇಟರನೂ ಕೋಣೆಯನ್ನು ಮೇಲಿನಿಂದ ಕೆಳಕ್ಕೆ ಒರೆಸಿದ್ದೆವು. ತೊಲೆ, ಫ್ಯಾನು, ವೈರು, ಗೂಡು, ಕಿಟಕಿಯ ಸರಳು. ಒಣ ಪೊರಕೆ ಹಿಡಿಯಲು ಬಿಡಲಿಲ್ಲ. ಗುಡಿಸಿದ ಧೂಳು ಎದ್ದು ಮತ್ತೆ ಕೂರುತ್ತದೆ, ಒದ್ದೆ ಬಟ್ಟೆಗೆ ಅಂಟಿದ್ದು ಮಾತ್ರ ಹೊರಗೆ ಹೋಗುತ್ತದೆ. ನಾನು ಹೊಸ್ತಿಲಾಚೆ ನಿಂತು ಬಟ್ಟೆ ಹಿಂಡಿ ಕೊಡುವುದು, ಅವನು ಏಣಿಯ ಮೇಲೆ ಒರೆಸುವುದು.

ಕವಚದ ಬೋಲ್ಟುಗಳನ್ನು ಬಿಚ್ಚಿ, ಸರಪಳಿ ರಾಟೆಯಿಂದ ತಿರುಗುವ ಕಲ್ಲನ್ನು ಎತ್ತಿ ಮಗ್ಗುಲಿಗೆ ಇಳಿಸಿದರು. ಕವಚದ ಒಳಮೂಲೆಯಲ್ಲಿ ಹಳೆಯ ಹಿಟ್ಟು ಗಟ್ಟಿಯಾಗಿ, ಹೆಂಚಿನ ಚೂರಿನಂತೆ ಪದರ ಪದರವಾಗಿ ಕೂತಿತ್ತು. ಎರಡೂ ಕಲ್ಲಿನ ಗೀರುಗಳು ಬೆಳ್ಳಗೆ ತುಂಬಿಕೊಂಡಿದ್ದವು. ಮೇಸ್ತ್ರಿ ಬೆರಳಿನಿಂದ ಕೆರೆದು ನೋಡಿದ.

“ಏನ್ರಮ್ಮ, ಕ್ಲೀನಾಗೇ ಮಡಗಿದೀರ. ಬ್ಯಾರೆ ಕಡೆ ಇದ್ರ ಹತ್ತರಷ್ಟು ಇರ್ತದೆ.”

ಆಪರೇಟರ್ ತಂತಿಯ ಬ್ರಷ್ಷು ತಂದ.

ಮೇಸ್ತ್ರಿ ನೇರವಾದ ಮರದ ಪಟ್ಟಿಗೆ ಕೆಮ್ಮಣ್ಣು ಸವರಿ ಕಲ್ಲಿನ ಮೇಲೆ ತಿರುಗಿಸಿದ. ಎಲ್ಲಿ ಕೆಂಪು ಅಂಟಿತೋ ಅಲ್ಲಿ ಕಲ್ಲು ಉಬ್ಬಿದೆ ಎಂದರ್ಥ. ಅಷ್ಟನ್ನು ತಗ್ಗಿಸಿ, ಮತ್ತೆ ಸವರಿ, ಮತ್ತೆ ತಗ್ಗಿಸಿ ಮಟ್ಟಕ್ಕೆ ತಂದ. ಆಮೇಲೆ ಗೀರುಗಳನ್ನು ನಡುವಿನಿಂದ ಅಂಚಿಗೆ ಉಳಿಯಿಂದ ಕಡಿಯುತ್ತಾ ಹೋದ. ಹಳೆಯ ಬಿಳುಪು ಹೋಗಿ ಕಲ್ಲಿನ ಸ್ವಂತ ಬಣ್ಣ ಬರುವವರೆಗೆ ನಿಲ್ಲಿಸಬೇಡವೆಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಲ್ಲು ಹೊಸದಾಗಿ ಕಂಡವು. ತೊಳೆದು, ಗಾಳಿಗೆ ಆರಲು ಬಿಟ್ಟು, ಆಮೇಲೆ ಜೋಡಿಸಿದರು. ಬೆಲ್ಟು ಹೊಸದು, ಕೊಳವೆಯ ಬಟ್ಟೆ ಹೊಸದು.

“ಮೊದ್ಲು ಗೋದಿ ಹಾಕಿ ಹೊಡ್ಸಿ. ಕಲ್ಲಿನ ಪುಡಿ ಎಲ್ಲ ಬಂದ್ಬುಡ್ತದೆ,” ಎಂದ ಮೇಸ್ತ್ರಿ, ಉಳಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ.

“ಇಲ್ಲಿ ಗೋದಿ ಇಲ್ಲ,” ಎಂದ ಆಪರೇಟರ್. ಆ ದಿನ ಅವನು ಜೋರಾಗಿ ಆಡಿದ ಮೊದಲ ಮಾತು.

ಅಕ್ಕಿ ನುಚ್ಚು ಹಾಯಿಸಿದ. ಬೂದು ಬಣ್ಣದ ಹಿಟ್ಟು ಬಂತು, ಅದನ್ನು ಹಿತ್ತಲ ಕಸದ ಗುಂಡಿಗೆ ಸುರಿಸಿದೆ. ಮತ್ತೆ ನುಚ್ಚು, ಮತ್ತೆ ಗುಂಡಿ. ಆಮೇಲೆ ರಾಗಿ. ಹಿಟ್ಟನ್ನು ಹಲ್ಲಿನ ನಡುವೆ ಇಟ್ಟು ಅಗಿದು ನೋಡಿ, ತಲೆಯಾಡಿಸಿ, ಇನ್ನಷ್ಟು ರಾಗಿ ಹಾಕಿದ. ಅದನ್ನು ಅಗಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, “ಕಲ್ಲಿಲ್ಲ,” ಎಂದ. ನನ್ನ ಡಬ್ಬ ತುಂಬಿಸಿ ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದ.

“ಕೈಗೆ ಕೊಡು,” ಎಂದೆ.

ಬಗ್ಗಿ ಎತ್ತಿ ಕೊಟ್ಟ.

ಊಟದ ಹೊತ್ತು ಮೀರಿತ್ತು. ಆ ಹಿಟ್ಟಿನಲ್ಲೇ ಮುದ್ದೆ ತೊಳಸಿ, ಸೊಪ್ಪಿನ ಸಾರಿನೊಂದಿಗೆ ಜಗುಲಿಯಲ್ಲಿ ಇಬ್ಬರಿಗೂ ಬಡಿಸಿದೆ. ಅವನು ತಟ್ಟೆ ಮುಟ್ಟಲಿಲ್ಲ. ನಾನು ಮೊದಲ ತುತ್ತು ನುಂಗಿದೆ, ಎರಡನೆಯದು ನುಂಗಿದೆ. ಅವನು ನನ್ನ ಗಂಟಲನ್ನೇ ನೋಡುತ್ತಿದ್ದ.

“ಏನ್ ನೋಡ್ತೀಯಾ? ಗೊತ್ತಾಗೋಕೆ ಮೂರ್ ತಿಂಗಳು ಬೇಕು. ರಕ್ತ ಕೊಟ್ಟು ನೋಡ್ಬೇಕು.”

“ಮೂರ್ ತಿಂಗ್ಳು ಹಿಂಗೇ ನೋಡ್ಕಂಡ್ ಕುಂತಿರ್ಲಾ?”

“ಬೇಡ. ಬಸ್ ಹೋಗುತ್ತೆ. ತಿನ್ನು.”

ಅವನು ಮುದ್ದೆ ಮುರಿದ. ಬೇಗ ಬೇಗ ತಿಂದ, ಇನ್ನೊಂದು ಹಾಕಿಸಿಕೊಂಡ. ನನಗೆ ಮುದ್ದೆ ಮುದ್ದೆಯಂತೆಯೇ ಇತ್ತು. ವಿಶೇಷವಾಗಿ ಏನೂ ಅನ್ನಿಸಲಿಲ್ಲ. ಪೂರ್ತಿ ಮುಗಿಸಿದೆ.

ಗುಬ್ಬಿಯಿಂದ ಬಂದ ಮಗಳು ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದಳು. ಕಿಟಕಿಯ ಸರಳಿನ ಮೇಲೆ ಬೆರಳೆಳೆದು ನೋಡಿಕೊಂಡು, ಆಪರೇಟರನ ಬುತ್ತಿ ಡಬ್ಬಿಯನ್ನು ತೊಳೆದು ತಂದು ಕೊಟ್ಟಳು. ಅವನು ಬಸ್ಸಿಗೆ ಹೋದ. ನಾನು ಬಾಗಿಲಿಗೆ ಬೀಗ ಹಾಕಿ, ದಿನವೆಲ್ಲ ಒರೆಸಿದ ಬಟ್ಟೆಗಳನ್ನು ಹಿತ್ತಲ ನಲ್ಲಿಯ ಬಳಿಗೆ ಒಯ್ದೆ. ಮೊದಲ ಬಕೆಟ್ಟಿನ ನೀರು ಹಾಲಿನಂತೆ ಬೆಳ್ಳಗಾಯಿತು. ಚೆಲ್ಲಿದೆ. ಎರಡನೆಯದು ಗಂಜಿಯ ತಿಳಿಯಂತಾಯಿತು. ಚೆಲ್ಲಿದೆ. ಮತ್ತೆ ತುಂಬಿ, ಅದ್ದಿ, ಜಾಲಿಸಿದೆ. ಈ ಸಲ ಬಕೆಟ್ಟಿನ ತಳ ಕಂಡಿತು. ಹಿಂಡಿ, ಕೊಡವಿ, ಒಂದೊಂದಾಗಿ ತಂತಿಗೆ ಹಾಕಿದೆ.